ದಿಂಬಿನೊಳಗಿನ ಬೀಬಿಜಾನ

ಲಕ್ಷ್ಮೇಶ್ವರದ ಬಜಾರಿನಲ್ಲಿ ಗಾದಿ ಅಂಗಡಿ ಇಟ್ಟಿರುವ ಗೌಸಸಾಬ ನದಾಫನಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದ, ಒಂದು ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆಯನ್ನು ಬಿಟ್ಟು. ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅವನಿಗೆ ಅರ್ಥವಾಗಿಬಿಡುತ್ತಿತ್ತು. ಅರ್ಥವಾದ ಮೇಲೆ ಕೇಳುವುದೇನಿದೆ? ಉಳಿದ ಅರ್ಧವನ್ನು ಅವನು ತನ್ನ ಕಡೆಯಿಂದ ತುಂಬಿಕೊಳ್ಳುತ್ತಿದ್ದ. ಹತ್ತಿ ತುಂಬುವ ಕಸುಬಿನವನಿಗೆ ಅದೇನು ದೊಡ್ಡ ಕೆಲಸವಲ್ಲ.

ಇಂಥವನು ಒಂದು ದಿನ ಗದಗಿಗೆ ಹೋಗಿ ವಿದ್ಯಾವಂತನಾಗಿ ಮರಳಿ ಬಂದ. ಹೋದದ್ದು ಓದಲಿಕ್ಕಲ್ಲ, ಒಂದು ಕಾಲೇಜಿನ ಹಾಸ್ಟೆಲಿಗೆ ಗಾದಿ ಇಳಿಸಲಿಕ್ಕೆ. ಇಳಿಸಿ ಮುಗಿಸಿ, ಸಹಿ ಹಾಕುವ ಮ್ಯಾನೇಜರ ಎಲ್ಲಿ ಎಂದು ಕೇಳಿದರೆ, ಸಭಾಂಗಣದಲ್ಲಿ ಉಪನ್ಯಾಸ ಕೇಳುತ್ತಿದ್ದಾರೆ ಎಂದರು. ಗೌಸಸಾಬನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತ. ಫ್ಯಾನು ತಿರುಗುತ್ತಿತ್ತು, ಚಹಾ ಬರುತ್ತಿತ್ತು, ಎದ್ದು ಹೋಗಲು ಕಾರಣವಿರಲಿಲ್ಲ. ವೇದಿಕೆಯ ಮೇಲೆ ಕನ್ನಡಕದ ಮೇಡಂ ಒಬ್ಬರು ಡಿಜಿಟಲ್ ಫೋಟೋಗಳನ್ನು ಮುಂದಿನ ಪೀಳಿಗೆಗೆ ಕಾಪಿಡುವುದು ಹೇಗೆ ಎಂದು ಹೇಳುತ್ತಿದ್ದರು. ಜಿಲ್ಲೆ ಹೊಸದು, ಅದರ ನೆನಪುಗಳೂ ಹೊಸವು, ಈಗಲೇ ಸರಿಯಾಗಿ ಕಟ್ಟಿಡದಿದ್ದರೆ ಮೊಮ್ಮಕ್ಕಳು ನಮ್ಮನ್ನು ಬೈಯುತ್ತಾರೆ ಎಂಬುದು ಅವರ ವಾದ.

"ಜೆಪೆಗ್ ಅನ್ನುವುದು ಒತ್ತಿ ಚಿಕ್ಕದು ಮಾಡಿದ ಫೋಟೋ," ಎಂದರು ಮೇಡಂ. "ನಿಮ್ಮ ಮೊಬೈಲಿನಲ್ಲಿ ಇರುವುದೆಲ್ಲ ಹೆಚ್ಚಾಗಿ ಅದೇ. ಅದನ್ನು ಪ್ರತಿ ಸಲ ಬಿಚ್ಚಿದಾಗ ಒಂದಿಷ್ಟು ಕಳೆದುಹೋಗುತ್ತದೆ…"

ಗೌಸಸಾಬನಿಗೆ ಅರ್ಥವಾಗಿಬಿಟ್ಟಿತು. ಹಳೆಯ ಗಾದಿ ಬಿಚ್ಚಿ, ಮುದ್ದೆಗಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬುವುದು ಅವನ ಮುತ್ತಜ್ಜನಿಂದ ಬಂದ ಕಸುಬು. ಬಿಚ್ಚಿದಾಗಲೆಲ್ಲ ಒಂದಿಷ್ಟು ಹತ್ತಿ ಎಳೆ ಎಳೆಯಾಗಿ ಹಾರಿ ಪಕ್ಕದ ಅಂಗಡಿಯವರ ಮೂಗು ಸೇರುತ್ತದೆ. ಎಷ್ಟೇ ಜಾಣ ನದಾಫನಾದರೂ ತೆಗೆದಷ್ಟೇ ತೂಕ ತಿರುಗಿ ತುಂಬಲಾರ. ಮೇಡಂ ತಮ್ಮ ವಾಕ್ಯವನ್ನು "…ತಿದ್ದಿ ಮತ್ತೆ ಸೇವ್ ಮಾಡಿದರೆ ಮಾತ್ರ, ಸುಮ್ಮನೆ ನೋಡಿದರೆ ಏನೂ ಆಗುವುದಿಲ್ಲ" ಎಂದು ಮುಗಿಸುವ ಹೊತ್ತಿಗೆ ಗೌಸಸಾಬ ಎದ್ದು ನಿಂತು ಕೈ ಎತ್ತಿದ್ದ.

"ಮೇಡಂ, ಅಂದ್ರ ಇದು ಹಳೇ ಗಾದಿ ಇದ್ದಂಗ. ಬಿಚ್ಚಿದಷ್ಟೂ ಹತ್ತಿ ಹಾರತೈತಿ. ಹೌದಲ್ರಿ?"

ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. "ನಾನು ಇಷ್ಟು ವರ್ಷ ಪಾಠ ಮಾಡಿದರೂ ಇಷ್ಟು ಒಳ್ಳೆಯ ಉದಾಹರಣೆ ಸಿಕ್ಕಿರಲಿಲ್ಲ!" ಎಂದರು. ಸಭೆ ಚಪ್ಪಾಳೆ ತಟ್ಟಿತು. ಮ್ಯಾನೇಜರನೂ ತಟ್ಟಿದ.

"ಹಂಗಾರ ಹತ್ತಿ ಹಾರಲಾರದ್ದು ಯಾವುದೈತ್ರಿ?"

"ಟಿಫ್. ಅದರಲ್ಲಿ ಒಂದು ಚುಕ್ಕೆಯೂ ಕಳೆಯುವುದಿಲ್ಲ. ಗಾತ್ರ ಮಾತ್ರ ದೊಡ್ಡದು. ಮತ್ತೆ, ಯಾವ ಫೋಟೋವೇ ಇರಲಿ, ಮೂರು ಪ್ರತಿ ಮಾಡಿ ಬೇರೆ ಬೇರೆ ಊರುಗಳಲ್ಲಿ ಇಡಿ."

ಆ ಚಪ್ಪಾಳೆ ಗೌಸಸಾಬನನ್ನು ಕೆಡಿಸಿತು ಎಂದು ನಾವು ಬಜಾರಿನವರು ಇವತ್ತಿಗೂ ನಂಬಿದ್ದೇವೆ. ಅಲ್ಲಿಯವರೆಗೆ ಅವನ ಜ್ಞಾನದಿಂದ ಯಾರಿಗೂ ಅಪಾಯವಿರಲಿಲ್ಲ.

ಈಗ ಅವನ ಅತ್ತೆಯ ವಿಷಯ ಹೇಳಬೇಕು. ಬೀಬಿಜಾನ ಶಿಗ್ಲಿಯಲ್ಲಿ ಹಿರಿಯ ಮಗನ ಮನೆಯಲ್ಲಿ ಇರುವವಳು. ಫೋಟೋ ಎಂದರೆ ಅವಳಿಗೆ ಆಗದು. ಫೋಟೋ ತೆಗೆದರೆ ಮೈಯೊಳಗಿನ ಕಸುವು ಹೋಗುತ್ತದೆ ಎಂದು ಹೇಳುತ್ತಲೇ ಮುದುಕಿಯಾದವಳು. ಮತದಾರರ ಚೀಟಿಯಲ್ಲಿ ಅವಳ ಜಾಗದಲ್ಲಿ ಬರೀ ಸೆರಗು ಇದೆ. ಆಧಾರ ಕಾರ್ಡಿಗೆ ಕೂತಾಗ ಫೋಟೋ ತೆಗೆಯುವವನು ತಲೆ ಅಲ್ಲಾಡಿಸಬೇಡ ಎಂದು ಕಣ್ಣು ಬಿಟ್ಟು ಹೆದರಿಸಿದ್ದರಿಂದ, ಅವಳೂ ಕಣ್ಣು ಬಿಟ್ಟು ತಿರುಗಿ ಹೆದರಿಸಿದಳು. ಕಾರ್ಡಿನಲ್ಲಿ ಬಂದ ಹೆಂಗಸು ಯಾರೆಂದು ಸ್ವಂತ ಮಕ್ಕಳಿಗೂ ಗೊತ್ತಾಗಲಿಲ್ಲ. ಹೀಗಿರುವಾಗ ಒಮ್ಮೆ ಹಿತ್ತಲಿನಲ್ಲಿ ಒಂದು ಕೋಳಿ ಹತ್ತಿಯ ಗಂಟಿನ ಮೇಲೇರಿ, ಗತ್ತಿನಿಂದ ಸುತ್ತಲೂ ನೋಡಿ, ಮೊಟ್ಟೆಯಿಟ್ಟಿತು. ಬೀಬಿಜಾನಳಿಗೆ ನಗು ತಡೆಯಲಾಗಲಿಲ್ಲ. ಬಾಯಿ ತುಂಬ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಿರಿಯ ಮಗ ಅಯ್ಯೂಬ, ಮುಂಡರಗಿಯಲ್ಲಿ ಆಟೋ ಓಡಿಸುವವನು, ಅಂದು ಅಲ್ಲಿದ್ದ. ಅವಳಿಗೆ ಗೊತ್ತಾಗದಂತೆ ಮೊಬೈಲಿನಲ್ಲಿ ಆ ನಗುವನ್ನು ಹಿಡಿದುಬಿಟ್ಟ. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ. ಬೀಬಿಜಾನಳ ಒಂದೇ ಒಂದು ಸರಿಯಾದ ಫೋಟೋ ಅದು, ಅವಳನ್ನು ಬಿಟ್ಟು ಉಳಿದವರೆಲ್ಲ ನೋಡಿದ್ದರು.

ಗೌಸಸಾಬ ಗದಗಿನಿಂದ ಬಂದವನೇ ಚಪ್ಪಲಿ ಬಿಡುವ ಮೊದಲು ಹೆಂಡತಿ ದಾವಲಬಿಯನ್ನು ಕರೆದ.

"ನಿಮ್ಮವ್ವನ ಫೋಟೋ ದಿನಾ ಎಷ್ಟು ಸಲ ನೋಡತಿ?"

"ಮುಂಜಾನೆದ್ದು ಒಮ್ಮೆ. ರೊಟ್ಟಿ ಬಡದಮ್ಯಾಲೆ ಒಮ್ಮೆ. ನೀವು ಸಿಟ್ಟಿಗೆದ್ದಾಗ ಒಮ್ಮೆ. ಯಾಕ?"

"ಮುಗೀತು! ಅರ್ಧ ಮುದುಕಿ ಹಾರಿ ಹೋದ್ಲು."

ದಾವಲಬಿ ಗಾಬರಿಯಿಂದ ಮೊಬೈಲು ತೆಗೆದಳು. "ಎಲ್ಲಿ ಹಾರ್ಯಾಳ? ಪೂರಾ ಇಲ್ಲೇ ಅದಾಳಲ್ಲ."

"ಗಲ್ಲದ ಹತ್ರ ನೋಡು. ಮಬ್ಬಾಗೈತಿಲ್ಲೋ?"

"ಅದು ನನ್ನ ಒಗ್ಗರಣಿ ಕೈ," ಎಂದು ದಾವಲಬಿ ಸೆರಗಿನಿಂದ ಒರೆಸಿದಳು. ಮಬ್ಬು ಹೋಯಿತು.

"ಒರೆಸಿದೇನು? ಮತ್ತಷ್ಟು ಹೋತು!" ಎಂದು ಗೌಸಸಾಬ ಮೊಬೈಲನ್ನು ಕಸಿದುಕೊಂಡ.

ಆಮೇಲೆ ಮುಂಡರಗಿಗೆ ಫೋನು ಹೋಯಿತು. ಅಯ್ಯೂಬ ತಾಯಿಯ ಫೋಟೋವನ್ನು ಮೊಬೈಲಿನ ಮುಖಪುಟಕ್ಕೇ ಹಚ್ಚಿಕೊಂಡಿದ್ದಾನೆ ಎಂದು ತಿಳಿದು ಗೌಸಸಾಬ ತಲೆಯ ಮೇಲೆ ಕೈಯಿಟ್ಟುಕೊಂಡ. "ಟೈಮ್ ನೋಡಾಕ ಮೊಬೈಲ್ ತೆಗದ್ರೂ ಅವ್ವನ್ನ ಬಿಚ್ಚಿದಂಗ ಆತಲ್ಲೋ! ಗಿರಾಕಿ ಫೋನ್ ಬಂದ್ರ ಬಿಚ್ಚಿದಿ, ಬ್ಯಾಂಕಿನ ಮೆಸೇಜ್ ಬಂದ್ರ ಬಿಚ್ಚಿದಿ. ಮಗಾ ಅದಿಯೋ ಏನ್ ಗಾದಿ ಹಿಂಜೂ ಮಷಿನ್ ಅದಿಯೋ?" ಶಿರಹಟ್ಟಿಯಲ್ಲಿ ಇರುವ ದಾವಲಬಿಯ ತಂಗಿ ಜಾಸ್ಮಿನಳದ್ದು ಇನ್ನೂ ಘೋರ. ಅವಳು ಇಡೀ ಓಣಿಗೆ ತೋರಿಸಿದ್ದಳು, ನೀರು ಬಿಡುವವನಿಗೂ ತೋರಿಸಿದ್ದಳು.

ಮರುದಿನ ಗೌಸಸಾಬ ತನ್ನ ಅಂಗಡಿಯ ಎದುರಿಗಿರುವ ಲೋಹಿತನ ಫೋಟೋ ಸ್ಟುಡಿಯೋ ಹೊಕ್ಕ. ಲೋಹಿತ ಮದುವೆ ಅಲ್ಬಮ್ಮುಗಳಲ್ಲಿ ಕರಿಯರನ್ನು ಬಿಳಿ ಮಾಡಿ, ಮುಖ ಗಂಟಿಕ್ಕಿದ ಬೀಗರನ್ನು ಮೂಲೆಗೆ ಸರಿಸಿ, ಹೊಟ್ಟೆ ತುಂಬಿಸಿಕೊಳ್ಳುವ ಹುಡುಗಾಟದ ಮನುಷ್ಯ.

"ಕಾಕಾ, ನೋಡಿದ್ರ ಫೋಟೋ ಸವಿಯೂದಿಲ್ರಿ," ಎಂದ ಲೋಹಿತ.

"ನೀ ಗದಗಿಗೆ ಹೋಗಿದ್ದೇನು?"

"ಇಲ್ಲ."

"ನಿನಗ ಚಪ್ಪಾಳಿ ಹೊಡದಾರೇನು?"

"ಇಲ್ಲ."

"ಹಂಗಾರ ಟಿಫ್ ಮಾಡು."

ಲೋಹಿತ ಮಾಡಿದ. ವಾಟ್ಸಾಪಿನಲ್ಲಿ ಬಂದ ಫೋಟೋವನ್ನು ಟಿಫ್ ಮಾಡಿದರೆ ಮೊದಲೇ ಹೋದದ್ದು ತಿರುಗಿ ಬರುವುದಿಲ್ಲ, ಸುಮ್ಮನೆ ಜಾಗ ತಿನ್ನುತ್ತದೆ ಎಂದೂ ಹೇಳಿದ. ಗೌಸಸಾಬ ಪರದೆಯ ಮೇಲೆ ಫೈಲಿನ ಗಾತ್ರ ಬೆಳೆದದ್ದನ್ನು ನೋಡಿ ತೃಪ್ತಿಯಿಂದ ತಲೆಯಾಡಿಸಿದ. "ಉಬ್ಬಬೇಕು. ಛಲೋ ಹಿಂಜಿದ ಹತ್ತಿ ಯಾವಾಗಲೂ ಉಬ್ಬತೈತಿ."

"ಮೊಬೈಲಿನ್ಯಾಗ ಇದು ತೆರಿಯೂದಿಲ್ಲ ಮತ್ತ, ಈಗಽ ಹೇಳ್ತೀನಿ."

"ಅದಽ ಬೇಕಾಗಿತ್ತು ನನಗ," ಎಂದ ಗೌಸಸಾಬ.

ಮೂರು ಪ್ರತಿ, ಮೂರು ಊರು. ಮೂರು ಪೆನ್‌ಡ್ರೈವ್ ತಂದ. ಬೇರೆ ಯಾರಾದರೂ ಆಗಿದ್ದರೆ ಕಪಾಟಿನಲ್ಲಿ ಇಡುತ್ತಿದ್ದರು. ಕಪಾಟಿನಲ್ಲಿಟ್ಟರೆ ಬೀಳಬಹುದು, ಒಡೆಯಬಹುದು, ತೇವ ಹಿಡಿಯಬಹುದು. ಬೆಲೆಬಾಳುವ ವಸ್ತುವಿಗೆ ಜಗತ್ತಿನಲ್ಲಿ ಹತ್ತಿಯಷ್ಟು ಸುರಕ್ಷಿತ ಜಾಗ ಇನ್ನೊಂದಿಲ್ಲ ಎಂಬುದು ನದಾಫರ ನಂಬಿಕೆ. ಅವನು ಮೂರು ಸಣ್ಣ ದಿಂಬು ಹೊಲಿದು, ಒಳ್ಳೆಯ ಹತ್ತಿ ತುಂಬಿ, ಪ್ರತಿಯೊಂದರ ನಡುವೆ ಒಂದೊಂದು ಬೀಬಿಜಾನಳನ್ನು ಇಟ್ಟು, ಕೆಂಪು ದಾರದಿಂದ ಬಾಯಿ ಮುಚ್ಚಿದ. ಒಂದು ದಿಂಬು ಮುಂಡರಗಿಗೆ, ಒಂದು ಶಿರಹಟ್ಟಿಗೆ ಸ್ವತಃ ಒಯ್ದು ಕೊಟ್ಟು, ಅವರವರ ಮೊಬೈಲಿನಲ್ಲಿದ್ದ ಫೋಟೋವನ್ನು ಎದುರಿಗೇ ನಿಂತು ಅಳಿಸಿದ. ಹೆಂಡತಿಯ ಮೊಬೈಲಿನಿಂದಲೂ, ಶಿಗ್ಲಿಯವರ ಮೊಬೈಲಿನಿಂದಲೂ, ಗುಂಪಿನಿಂದಲೂ ಅಳಿಸಿದ. ಲೋಹಿತನ ಕಂಪ್ಯೂಟರಿನಿಂದಲೂ ಅಳಿಸಿದ. ಬರೀ ಸವೆಯುವ ಪ್ರತಿ ಇಟ್ಟುಕೊಂಡು ಏನು ಮಾಡುವುದು?

ಮನೆಯ ಪಾಲಿನ ದಿಂಬನ್ನು ದಾವಲಬಿಯ ಕೈಗೆ ಕೊಟ್ಟ. ಅವಳು ಅದನ್ನು ಮುಂದೆ ಹಿಂದೆ ತಿರುಗಿಸಿ ನೋಡಿದಳು.

"ಏನಿದು?"

"ನಿಮ್ಮವ್ವ. ಇನ್ನ ನೂರು ವರ್ಷ ಏನೂ ಆಗೂದಿಲ್ಲ."

"ಶಿಗ್ಲಿಗೆ ಹೋದ್ರ ಅವ್ವ ನನಗ ಬೈತಾಳ. ಬಳಿ ಹಂಗ್ಯಾಕ, ಸೀರಿ ಹಿಂಗ್ಯಾಕ, ಗಂಡ ಹಂತಾವ ಯಾಕ. ಅಕಿ ನಕ್ಕಿದ್ದು ನೋಡಬೇಕಂದ್ರ ನನಗ ಆ ಫೋಟೋ ಒಂದಽ ಇತ್ತು. ಈಗ ಏನ್ ಮಾಡ್ಲಿ? ದಿಂಬಿಗೆ ಅವ್ವಾ ಅಂತ ಕರೀಲೇನು?"

ಗೌಸಸಾಬ ಚಪ್ಪಲಿ ಮೆಟ್ಟಿಕೊಂಡ. ಹೆಂಗಸರಿಗೆ ಫಾರ್ಮ್ಯಾಟ್ ತಿಳಿಯುವುದಿಲ್ಲ ಎಂದು ಗೊಣಗುತ್ತ ಅಂಗಡಿಗೆ ಹೋದ. ದಾವಲಬಿ ದಿಂಬನ್ನು ತನ್ನ ಹಾಸಿಗೆಗೆ ಒಯ್ದಳು. ಪಾಪ, ಅವಳಿಗೆ ನಿಜಕ್ಕೂ ಬೇಸರವಾಗಿತ್ತು.

ಇಲ್ಲಿಗೆ ನಿಂತಿದ್ದರೆ ಇದು ಒಂದು ಮನೆಯ ಕಥೆಯಾಗಿ ಉಳಿಯುತ್ತಿತ್ತು. ಆದರೆ ಪಕ್ಕದ ಮನೆಯಲ್ಲಿ ಅಮೃತವ್ವ ಇದ್ದಳಲ್ಲ. ಮೊಸರು ಮಾರುವ ಅಮೃತವ್ವನಿಗೆ ಗೋಡೆಯ ಆಚೆಯ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ಗೋಡೆಯ ಈಚೆಯದು ಕೇಳಿಸುವುದಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ನಮ್ಮದು. ನೋಡಿದರೆ ಫೋಟೋ ಸವೆಯುತ್ತದೆ ಎಂದು ಹೊರಟ ಸುದ್ದಿ, ಅಮೃತವ್ವನ ಮೊಸರಿನ ಗಡಿಗೆಯ ಜೊತೆ ಬಜಾರು ಸುತ್ತಿ ಬರುವಷ್ಟರಲ್ಲಿ, ಫೋಟೋ ನೋಡಿದರೆ ಫೋಟೋದೊಳಗಿನ ಮನುಷ್ಯನೇ ಸವೆಯುತ್ತಾನೆ ಎಂದಾಗಿತ್ತು.

ಬಜಾರು ಎರಡು ಪಾಲಾಯಿತು. ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳ ತಾಯಂದಿರು ಎಲ್ಲ ಫೋಟೋಗಳನ್ನೂ ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟರು. ಖಾನಾವಳಿಯ ಅಂದಾನಪ್ಪ ಮಾತ್ರ ತದ್ವಿರುದ್ಧ ಮಾಡಿದ. ಹೊಟ್ಟೆ ಕರಗಿಸಬೇಕೆಂದು ಡಾಕ್ಟರು ಹೇಳಿ ಹೇಳಿ ಸೋತಿದ್ದ ಆಸಾಮಿ ಅವನು. ಹೊಟ್ಟೆ ಚೆನ್ನಾಗಿ ಕಾಣುವಂತೆ ಪಕ್ಕಕ್ಕೆ ತಿರುಗಿ ಫೋಟೋ ತೆಗೆಸಿಕೊಂಡು ಗುರುತಿದ್ದವರಿಗೆಲ್ಲ ಕಳಿಸಿದ. "ಪುಗಸಟ್ಟೆ ಐತಿ, ದಿನಾ ನೋಡ್ರಿ," ಎಂದು ಊಟಕ್ಕೆ ಬಂದ ಗಿರಾಕಿಗಳಿಗೆ ಕೈ ಮುಗಿಯುತ್ತಿದ್ದ. "ಎದಿ ಮ್ಯಾಲಿಂದು ಬ್ಯಾಡ, ಹೊಟ್ಟಿ ಅಷ್ಟಽ ನೋಡ್ರಿ." ವಾರದ ಕೊನೆಗೆ ಧೋತರ ಸಡಿಲವಾಗಿದೆ ಎಂದು ಅವನೇ ಹೇಳಿದ. ಅವನ ಹೆಂಡತಿ, ಗಂಟು ಸರಿಯಾಗಿ ಕಟ್ಟಿಲ್ಲ ಎಂದಳು.

ಅಮೃತವ್ವನಿಗೆ ಶಿಗ್ಲಿಯಲ್ಲಿ ತವರು. ಅವಳು ತವರಿಗೆ ಹೋದದ್ದೂ, ಬೀಬಿಜಾನ ಲಕ್ಷ್ಮೇಶ್ವರಕ್ಕೆ ಬಂದದ್ದೂ ಹೆಚ್ಚು ಅಂತರವಿಲ್ಲದೆ ನಡೆಯಿತು. ಸಂತೆಯ ಟೆಂಪೋದಿಂದ ಇಳಿದ ಮುದುಕಿ ನೆಟ್ಟಗೆ ಅಂಗಡಿಗೆ ಬಂದು, ಮಾರಾಟಕ್ಕಿಟ್ಟ ಜೋಡಿ ಗಾದಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ಬಾಯಿ ತೆರೆದು ತೋರಿಸಿದಳು. ಮುಂದಿನ ಹಲ್ಲೊಂದು ಇರಲಿಲ್ಲ.

"ಏನಿದು, ಅಳಿಯಾ?"

"ಹಲ್ಲು ಬಿದ್ದೈತ್ರಿ ಅತ್ತಿ," ಎಂದ ಗೌಸಸಾಬ.

"ಬಿದ್ದಿಲ್ಲ. ನೋಡಿ ನೋಡಿ ಉದುರಿಸೀರಿ! ಹುಟ್ಟಿದಾಗಿಂದ ಬಡಕೋತೀನಿ, ಫೋಟೋ ತೆಗದ್ರ ಕಸುವು ಹೋಗತೈತಿ ಅಂತ. ಹುಚ್ಚ ಮುದುಕಿ ಅಂದ್ರಿ. ಈಗ ಗದಗಿನ ಕಾಲೇಜಿನ್ಯಾಗೂ ಅದಽ ಹೇಳ್ಯಾರಂತ. ಮೊಣಕಾಲು ಹಿಡದೈತಿ, ಕಣ್ಣಿಗೆ ಪೊರಿ ಬಂದೈತಿ, ಈಗ ಹಲ್ಲು. ಇನ್ನ ಏನು ಉಳದೈತಿ ನೋಡಾಕ?"

ಅಂಗಡಿಯ ಮುಂದೆ ಜನ ಸೇರಿದರು. ಗೌಸಸಾಬ ಜನ್ಮದಲ್ಲಿ ಮೊದಲ ಬಾರಿಗೆ ತನ್ನ ಮಾತನ್ನು ಒಪ್ಪುವ ಮನೆಯವರೊಬ್ಬರನ್ನು ಕಂಡಿದ್ದ, ಅದೂ ಅತ್ತೆಯನ್ನು. ಖುಷಿಪಡಬೇಕೋ ಓಡಬೇಕೋ ತಿಳಿಯದೆ ನಿಂತ.

"ಆ ಫೋಟೋ ಎಲ್ಲೆಲ್ಲಿ ಐತಿ, ತರ್ಸು," ಎಂದಳು ಬೀಬಿಜಾನ. "ನನ್ನ ಎದುರಿಗೆ ಒರೆಸಿ ಹಾಕ್ರಿ. ಅಲ್ಲೀತನಕ ನಾ ಈ ಗಾದಿ ಇಳಿಯೂದಿಲ್ಲ."

ದಾವಲಬಿ ಸುದ್ದಿ ಕೇಳಿ ಅಂಗಡಿಗೆ ಓಡಿ ಬಂದಳು. ತಾಯಿಗೆ ಅನ್ನ ತಂದಿಟ್ಟಳು, ನೀರು ತಂದಿಟ್ಟಳು, ಕೊನೆಗೆ ಅಳುತ್ತಲೇ ಕೇಳಿದಳು. "ಯವ್ವಾ, ಒಂದಽ ಒಂದು ಐತಿ. ನಾಳೆ ನೀ ಹೋದಮ್ಯಾಲೆ ನನಗ ಏನ್ ಉಳೀತೈತಿ?"

"ನಾ ಇರಬೇಕೋ, ಫೋಟೋ ಇರಬೇಕೋ? ಅದನ್ನ ಹೇಳು ಮೊದಲು."

ದಾವಲಬಿ ಸೆರಗು ಕಚ್ಚಿಕೊಂಡು ಮೂಲೆಯಲ್ಲಿ ಕುಳಿತಳು.

ದಿಂಬುಗಳಿಗೆ ಕರೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಜಾಸ್ಮಿನ ಶಿರಹಟ್ಟಿಯಿಂದ ಬಂದಳು, ದಿಂಬು ಬೆಳ್ಳಗೆ ಹೊಳೆಯುತ್ತಿತ್ತು. "ಭಾಳ ಮಾಸಿತ್ತು ಮಾಮಾ, ಸೋಡಾ ಹಾಕಿ ಕುದಿಸಿ ಒಗದೀನಿ," ಎಂದಳು. ಬಿಚ್ಚಿ ನೋಡಿದರೆ ಪೆನ್‌ಡ್ರೈವ್ ಕುಂಬಳಕಾಯಿ ಬೀಜದಂತೆ ಬಿರಿದಿತ್ತು. ಅಷ್ಟರಲ್ಲಿ ಅಯ್ಯೂಬನ ಆಟೋ ಹಾಡು ಹಾಕಿಕೊಂಡೇ ಬಂದು ನಿಂತಿತು. ಅವನ ದಿಂಬಿನ ಹೊಲಿಗೆ ಆಗಲೇ ಬಿಚ್ಚಿತ್ತು.

"ಪೆನ್‌ಡ್ರೈವ್ ಎಲ್ಲೋ?"

ಅಯ್ಯೂಬ ಆಟೋದ ಸ್ಪೀಕರಿನ ಕಡೆ ತೋರಿಸಿದ. ಪೆನ್‌ಡ್ರೈವ್ ಅದಕ್ಕೆ ಚುಚ್ಚಿಕೊಂಡು ಮಿಣುಕುತ್ತಿತ್ತು. "ಗಿರಾಕಿ ಹಾಡು ಕೇಳತಾರ ಮಾಮಾ. ಮತ್ತ ಆ ಟಿಫ್ ಭಾಳ ಜಾಗಾ ತಿಂದಿತ್ತು. ಅವ್ವ ಹೆಂಗೂ ಲಕ್ಷ್ಮೇಶ್ವರದಾಗೂ ಅದಾಳ, ಶಿರಹಟ್ಟ್ಯಾಗೂ ಅದಾಳ ಅಂತ ಅಳಿಸೀನಿ."

ಮಗ ತಾಯಿಯನ್ನು ಅಳಿಸಿ ಹಾಡು ತುಂಬಿದ ಈ ಸುದ್ದಿ ಕೇಳಿ ಬೀಬಿಜಾನ ಒಬ್ಬಳೇ ಸಂತೋಷಪಟ್ಟಳು. "ನನ್ನ ಮಗಾ ಅಂದ್ರ ನೀನಪ್ಪಾ. ನನ್ನ ಕಸುವು ಉಳಿಸಿದಿ," ಎಂದು ಅವನ ತಲೆ ನೇವರಿಸಿದಳು.

ಹೀಗೆ ಮೂರರಲ್ಲಿ ಎರಡು ಹೋಗಿ, ದಾವಲಬಿಯ ದಿಂಬು ಒಂದೇ ಉಳಿಯಿತು. ಅದನ್ನು ಉಳಿಸಲು ಗೌಸಸಾಬ ಕೊನೆಯ ಪ್ರಯತ್ನ ಮಾಡಿದ. ಹೆಂಡತಿಯ ಕಣ್ಣೀರು ನೋಡಿ ಅವನ ಎದೆಯೂ ಕರಗಿತ್ತು, ಅಷ್ಟನ್ನಾದರೂ ಅವನ ಲೆಕ್ಕಕ್ಕೆ ಹಚ್ಚಬೇಕು. ಟಿಫ್ ಸವೆಯುವುದಿಲ್ಲ ಎಂದು ದೊಡ್ಡವರ ಬಾಯಿಂದಲೇ ಹೇಳಿಸಬೇಕೆಂದು ಗದಗಿನ ಮೇಡಂ ನಂಬರು ಹುಡುಕಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರಿಗೆ ಹಾಕಿದ.

"ಮೇಡಂ, ನಾನ್ರಿ, ಗಾದಿ ಉದಾಹರಣಿ ಹೇಳಿದಾವ. ಟಿಫ್ ನೋಡಿದ್ರ ಸವಿಯೂದಿಲ್ಲ ಅಂತ ಇವರಿಗೆ ಒಂದು ಮಾತು ಹೇಳ್ರಿ."

"ಸವೆಯುವುದಿಲ್ಲ. ಜೆಪೆಗ್ ಕೂಡ ನೋಡಿದರೆ ಸವೆಯುವುದಿಲ್ಲ," ಎಂದಿತು ಫೋನು. "ತಿದ್ದಿ ಮತ್ತೆ ಸೇವ್ ಮಾಡಿದರೆ ಮಾತ್ರ. ಅವತ್ತೇ ಹೇಳಿದ್ದೆನಲ್ಲ? ಸಾವಿರ ಸಲ ನೋಡಿ, ಏನೂ ಆಗುವುದಿಲ್ಲ."

ಗೌಸಸಾಬ ಹತ್ತಿ ಹಿಂಜುವ ಬಿಲ್ಲಿನ ಕಡೆ ನೋಡುತ್ತ ನಿಂತ. ಮೊದಲು ಬಾಯಿ ತೆರೆದವನು ಖಾನಾವಳಿಯ ಅಂದಾನಪ್ಪ. "ಹಂಗಾರ ನನ್ನ ಹೊಟ್ಟಿ?" ಎಂದು ದುಃಖದಿಂದ ಕೇಳಿದ.

"ಕೇಳಿದ್ಯಾ ಯವ್ವಾ?" ಎಂದು ದಾವಲಬಿ ಎದ್ದು ಬಂದಳು. "ನೋಡಿದ್ರ ಏನೂ ಆಗೂದಿಲ್ಲಂತ!"

ಬೀಬಿಜಾನ ಫೋನನ್ನು ತಿರಸ್ಕಾರದಿಂದ ನೋಡಿದಳು. "ಮೊನ್ನೆ ಸವೀತೈತಿ ಅಂದ್ರು, ಇವತ್ತ ಇಲ್ಲ ಅಂತಾರ. ನಾಳೆ ಏನಂತಾರೋ. ಹಲ್ಲು ಅಕೀದು ಬಿದ್ದೈತೇನು? ತಾ ಆ ದಿಂಬು."

ದಾವಲಬಿ ದಿಂಬನ್ನು ಕಂಕುಳಲ್ಲಿ ಅವುಚಿಕೊಂಡೇ ತಂದಿದ್ದಳು. ಕೊಡುವುದಿಲ್ಲ ಎಂದಳು. ತಾಯಿ ಎಳೆದಳು, ಮಗಳು ಎಳೆದಳು. ಗೌಸಸಾಬನ ಹೊಲಿಗೆ ಗಟ್ಟಿಯಿತ್ತು, ಬಿಚ್ಚಲಿಲ್ಲ. ಆದರೆ ತಾಯಿ ಒಂದು ಕೈಯಿಂದ ಎಳೆಯುತ್ತ, ಇನ್ನೊಂದು ಕೈಯಿಂದ ಮುಖಕ್ಕೆ ಸೆರಗು ಮುಚ್ಚಿಕೊಂಡಿದ್ದಳು. ಅದನ್ನು ಕಂಡು ದಾವಲಬಿ ತಾನೇ ಕೈ ಬಿಟ್ಟಳು. ಹಟ ಅವಳದೂ ಇತ್ತು, ಆದರೆ ತಾಯಿ ಹೆದರಿದ್ದಾಳೆ ಎಂದು ಅವಳಿಗೆ ಆಗ ಗೊತ್ತಾಯಿತು. ಹೆದರಿಸಿ ಇಟ್ಟುಕೊಂಡ ನಗು ಯಾರಿಗೆ ಬೇಕು?

"ತಗೋ," ಎಂದಳು. "ನಿನಗ ಅಂಜಿಕಿ ಆಗೂದಾದ್ರ ನನಗ ಬ್ಯಾಡ."

ಗೌಸಸಾಬ ಕೆಂಪು ದಾರ ಕತ್ತರಿಸಿ ಪೆನ್‌ಡ್ರೈವ್ ತೆಗೆದ. ಅದನ್ನು ಕಲ್ಲಿನಿಂದ ಜಜ್ಜಿದರೆ ಸಾಕೆಂದು ಅಮೃತವ್ವ ಸಲಹೆ ಕೊಟ್ಟಳು. ಬೀಬಿಜಾನ ಒಪ್ಪಲಿಲ್ಲ. ಇಷ್ಟು ಸಣ್ಣ ಡಬ್ಬಿಯಲ್ಲಿ ತಾನಿದ್ದೇನೆ ಎಂದು ನಂಬುವುದು ಹೇಗೆ? ಅಳಿಯ ಬೇರೆ ಏನನ್ನೋ ಜಜ್ಜಿ ತನ್ನನ್ನು ಒಳಗಿಟ್ಟುಕೊಂಡರೆ? "ನನ್ನ ಕಣ್ಣೆದುರಿಗೆ ತೆಗದು, ಕಣ್ಣೆದುರಿಗೆ ಒರೆಸ್ರಿ," ಎಂದಳು. ಹಾಗಾಗಿ ಎಲ್ಲರೂ ರಸ್ತೆ ದಾಟಿ ಲೋಹಿತನ ಸ್ಟುಡಿಯೋಕ್ಕೆ ಹೋದರು. ಒಳಗೆ ಹಿಡಿಯದವರು ಬಾಗಿಲಲ್ಲಿ, ಬಾಗಿಲಲ್ಲಿ ಹಿಡಿಯದವರು ಕಿಟಕಿಯಲ್ಲಿ ನಿಂತರು. ಮುದುಕಿಯನ್ನು ಕಂಪ್ಯೂಟರಿನ ಮುಂದೆ ತಿರುಗುವ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿ ತಿರುಗಿ ಅವಳ ಬೆನ್ನು ಪರದೆಗೆ ಬಂತು. ಅಯ್ಯೂಬ ಹಿಡಿದು ನೆಟ್ಟಗೆ ಮಾಡಿದ.

ಟಿಫ್ ದೊಡ್ಡದು, ನಿಧಾನಕ್ಕೆ ತೆರೆಯಿತು. ಲೋಹಿತ ಅದನ್ನು ಪರದೆ ತುಂಬ ಹಿಗ್ಗಿಸಿದ. ಬೀಬಿಜಾನ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಕ್ಕೆ ಬಾಗಿದಳು. ಜೀವಮಾನದಲ್ಲಿ ಮೊದಲ ಸಲ ಅವಳು ತನ್ನ ಒಂದು ಸರಿಯಾದ ಫೋಟೋ ನೋಡುತ್ತಿದ್ದಳು.

"ಆಹಾ!" ಎಂದು ಕಿರುಚಿ ಪರದೆಗೆ ಬೆರಳು ಚುಚ್ಚಿದಳು. "ನನ್ನ ಹಲ್ಲು! ನೋಡ್ರಿ, ಇಲ್ಲೇ ಐತಿ ನನ್ನ ಹಲ್ಲು! ಕಳ್ಳರ ಕೈಯಾಗಽ ಸಿಕ್ಕಿತು ಮಾಲು!"

ಸಾಕ್ಷಿ ಗಟ್ಟಿಯಾಗಿತ್ತು. ಕಿಟಕಿಯಲ್ಲಿದ್ದವರು ಹೌದು ಹೌದು ಎಂದರು. ಗೌಸಸಾಬ ಗೋಡೆಗೆ ಒರಗಿದ. ಲೋಹಿತ ಇನ್ನೇನು ಎಂಬಂತೆ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು, "ಒರೆಸ್ಲೇನ್ ಬೇ ಅಮ್ಮಾ?" ಎಂದು ಕೇಳಿದ.

ಬೀಬಿಜಾನ ಪರದೆಗೆ ಇನ್ನಷ್ಟು ಹತ್ತಿರ ಬಾಗಿದಳು. ಬೆರಳು ಹಲ್ಲಿನಿಂದ ತುಟಿಗೆ, ತುಟಿಯಿಂದ ಕೆನ್ನೆಯ ಗುಳಿಗೆ, ಅಲ್ಲಿಂದ ನಗುವಾಗ ಸಣ್ಣದಾದ ಕಣ್ಣಿಗೆ ಹೋಯಿತು. ಅಲ್ಲೇ ನಿಂತಿತು.

"ಒರೆಸ್ಲೇನು?" ಎಂದ ಲೋಹಿತ ಮತ್ತೊಮ್ಮೆ.

"ಕೈ ತೆಗಿಯೋ ಭಾಡ್ಯಾ!"

ಲೋಹಿತ ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆ ತೆಗೆದ.

"ಇದು ನಾ ಅಲ್ಲ," ಎಂದಳು ಬೀಬಿಜಾನ. ದನಿ ಸಣ್ಣದಾಗಿತ್ತು. "ಇಕಿ ನಮ್ಮವ್ವ. ಹಿಂಗಽ ನಗ್ತಿದ್ಲು. ಹೊಲದಾಗ ಹತ್ತಿ ಬಿಡಿಸುವಾಗ, ಹೊಟ್ಟಿ ಹಿಡಕೊಂಡು, ಹಿಂಗಽ. ನನಗ ಅಕಿ ಮಾರಿ ಮರತು ಹೋಗಿತ್ತು. ಯಾರ ಮುಂದೂ ಹೇಳಿದ್ದಿಲ್ಲ ನಾ."

ಅಯ್ಯೂಬ ಕುರ್ಚಿ ಹಿಡಿದೇ ನಿಂತಿದ್ದ. ಗೌಸಸಾಬ ಆ ಮಾತನ್ನು ಮಾತ್ರ ಕೊನೆಯವರೆಗೆ ಕೇಳಿದ. ಪರದೆಯ ಮೇಲಿನ ಹೆಂಗಸು ಎಲ್ಲರನ್ನೂ ನೋಡಿ ನಗುತ್ತಿದ್ದಳು, ಎದುರಿಗೆ ಕುಳಿತವಳು ಅಳುತ್ತಿದ್ದಳು, ಮುಖ ಮಾತ್ರ ಒಂದೇ.

"ಯವ್ವಾ," ಎಂದಳು ದಾವಲಬಿ ಮೆಲ್ಲಗೆ, "ಭಾಳ ಹೊತ್ತು ನೋಡಬ್ಯಾಡ. ನಿನಗ ಅಂಜಿಕಿ ಆಗತೈತಿ. ಕಸುವು ಸವೀತೈತಿ ಅಂದಿದ್ದಿ."

"ಸವೀಲಿ," ಎಂದಳು ಬೀಬಿಜಾನ ಪರದೆಯಿಂದ ಕಣ್ಣು ತೆಗೆಯದೆ. "ಇಟ್ಟುಕೊಂಡು ಯಾರಿಗೆ ಕೊಡ್ಲಿ ಈ ಕಸುವು?"

ಆಮೇಲೆ ಕುರ್ಚಿಯಲ್ಲಿ ಒಂದು ಮಗ್ಗುಲಿಗೆ ಸರಿದು, ಮಗಳಿಗೆ ಅರ್ಧ ಜಾಗ ಮಾಡಿಕೊಟ್ಟಳು.

"ಬಾ, ಕುಂಡ್ರು. ನೀ ಹುಟ್ಟೂದರೊಳಗ ಹೋದ್ಲು ಅಕಿ. ನಿಮ್ಮಜ್ಜೀನ್ನ ನೋಡು."